ಕೊಟ್ಟಿಗೆ ಇರುವ ಮನೆಯಲ್ಲಿ ಏರ್ ಕಂಪ್ರೆಸರ್: ಎಲ್ಲಿ ಕೂಡಿಸಬೇಕು, ಎಲ್ಲಿ ಕೂಡಿಸಬಾರದು

(ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳಿಂದ)



ದನದ ಡಾಕ್ಟರಿಗೆ ಏರ್ ಕಂಪ್ರೆಸರಿನ ಗೊಡವೆ ಯಾಕೆ ಎಂದು ತಾವು ಕೇಳಬಹುದು. ಬೀದರ್ ನಗರಕ್ಕೆ ಹೊಂದಿಕೊಂಡ ನೌಬಾದಿನಲ್ಲಿ, ಹಾಗೆಯೇ ಭಾಲ್ಕಿ, ಔರಾದ್ ಕಡೆಯ ದೊಡ್ಡ ಊರುಗಳಲ್ಲಿ ಈಗ ಒಂದೇ ಮನೆಯಲ್ಲಿ ಎರಡು ದುಡಿಮೆ ಕಾಣುತ್ತವೆ. ಹಿಂದೆ ಎರಡು ಆಕಳು, ಒಂದು ಎಮ್ಮೆ. ಮುಂದೆ ಮಗನ ವೆಲ್ಡಿಂಗ್ ಅಂಗಡಿ, ಪಂಕ್ಚರ್ ಅಂಗಡಿ ಅಥವಾ ಮೋಟಾರ್ ಸೈಕಲ್ ರಿಪೇರಿ. ಇದು ಒಳ್ಳೆಯದೇ. ಹಾಲಿನ ಹಣ ಮನೆಯ ಸಂತೆ ನಡೆಸಿದರೆ, ಅಂಗಡಿಯ ಹಣ ಸಾಲದ ಕಂತು ಕಟ್ಟುತ್ತದೆ. ಆದರೆ ಒಂದು ದುಡಿಮೆಯ ಯಂತ್ರ ಇನ್ನೊಂದು ದುಡಿಮೆಯ ಪ್ರಾಣಿಗೆ ಕಂಟಕವಾಗಬಾರದು. ಈ ಲೇಖನ ಅದರ ಬಗ್ಗೆ.

ನಡೆದ ಒಂದು ಸಂಗತಿ

ನೌಬಾದಿನ ಒಬ್ಬ ಸದಸ್ಯರ ಮನೆಗೆ ನನ್ನನ್ನು ಕರೆಸಿದ್ದರು. ಮನೆಯ ಹಿರಿಯ ತಾಯಿ ಹೇಳಿದರು: "ಸಾಹೇಬ್ರ, ಮುಂಜಾನಿ ಆರು ಲೀಟರ್ ಕೊಡೋ ಆಕಳ ಈಗ ನಾಲ್ಕಕ್ಕ ಬಂದಾದ್ರಿ. ಸಂಜಿಗಂತೂ ಇನ್ನೂ ಕಮ್ಮಿ. ಹಿಂಡಿ, ಮೇವು ಏನೂ ಬದಲಾಗಿಲ್ರಿ."

ಪರೀಕ್ಷಿಸಿ ನೋಡಿದೆ. ಜ್ವರ ಇರಲಿಲ್ಲ. ನಾಲ್ಕೂ ಮೊಲೆಯ ಹಾಲನ್ನು ಕೆಚ್ಚಲು ಬಾವಿನ ಪರೀಕ್ಷೆ ಮಾಡಿದೆ, ದೋಷ ಕಾಣಲಿಲ್ಲ. ಆಕಳು ಕರು ಹಾಕಿ ಮೂರು ತಿಂಗಳಾಗಿತ್ತು. ಹಾಲು ತಾನಾಗಿ ಇಳಿಯುವ ಕಾಲವಲ್ಲ. ಹಾಲು ಕರೆಯುವ ಹೊತ್ತಿನ ತನಕ ಕಾದು ಕುಳಿತೆ. ತಾಯಿ ಕೆಚ್ಚಲು ತೊಳೆದರು, ಕರು ಬಿಟ್ಟರು, ಆಕಳು ಹಾಲು ಇಳಿಸಿತು. ಕರೆಯಲು ಕುಳಿತು ಒಂದು ನಿಮಿಷ ಆಗಿರಬಹುದು, ತಗಡಿನ ಗೋಡೆಯ ಆ ಬದಿಯಲ್ಲಿ ಕಂಪ್ರೆಸರ್ 'ಭಡಭಡ' ಎಂದು ತಾನೇ ಚಾಲೂ ಆಯಿತು. ಆಕಳು ತಲೆ ಎತ್ತಿತು, ಕಾಲು ಎತ್ತಿ ಇಟ್ಟಿತು, ಸೆಗಣಿ ಹಾಕಿತು. ಹಾಲು ನಿಂತುಹೋಯಿತು. ತಾಯಿ ಎಷ್ಟು ಹಿಂಡಿದರೂ ಬರಲಿಲ್ಲ.

ಮಗ ಅಂದ: "ಹಾಲು ಹಿಂಡೋ ಹೊತ್ತಿನಾಗ ನಾ ಕೆಲಸಾನೇ ಮಾಡಂಗಿಲ್ರಿ." ಅವನ ಮಾತು ನಿಜ. ಆದರೆ ಯಂತ್ರದ ಸ್ವಿಚ್ ಹಾಕಿಯೇ ಇತ್ತು. ರಬ್ಬರ್ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ. ಟ್ಯಾಂಕಿನ ಒತ್ತಡ ಮೆಲ್ಲಗೆ ಇಳಿದು ಒಂದು ಮಟ್ಟಕ್ಕೆ ಬಂದಾಗಲೆಲ್ಲ ಯಂತ್ರ ತಾನಾಗಿಯೇ ಓಡುತ್ತಿತ್ತು. ಯಾರೂ ಕೆಲಸ ಮಾಡುತ್ತಿಲ್ಲವಾದ್ದರಿಂದ ಯಂತ್ರದ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಅಂದಿನಿಂದಲೇ ಹಾಲು ಕರೆಯುವ ಮೊದಲು ಮೇನ್ ಸ್ವಿಚ್ ತೆಗೆಯಲು ಹೇಳಿದೆ. ಆಮೇಲೆ ಯಂತ್ರವನ್ನು ಅಂಗಳದ ಮುಂದಿನ ಮೂಲೆಗೆ ಸಾಗಿಸಿದರು. ಎರಡು ವಾರದಲ್ಲಿ ಮುಂಜಾನೆಯ ಹಾಲು ಐದೂವರೆ ಲೀಟರಿಗೆ ಬಂತು. ಆರಕ್ಕೆ ಮಾತ್ರ ಬರಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆಕಳು ಹಾಲು ತಡೆಯುವುದು ಹೇಗೆ?

ಕೆಚ್ಚಲು ತೊಳೆದಾಗ, ಕರು ಬಾಯಿ ಹಾಕಿದಾಗ ಆಕಳ ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲಿಗೆ ತಲುಪಿ, ಹಾಲಿನ ಚೀಲಗಳನ್ನು ಹಿಂಡಿ, ಹಾಲನ್ನು ಕೆಳಕ್ಕೆ ಇಳಿಸುತ್ತದೆ. ಇದರ ಪ್ರಭಾವ ಹೆಚ್ಚೆಂದರೆ ಐದರಿಂದ ಏಳು ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಬೇಕು.

ಪ್ರಾಣಿ ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಹೊರಡುತ್ತದೆ. ಅದು ಕೆಚ್ಚಲಿನ ರಕ್ತನಾಳಗಳನ್ನು ಬಿಗಿಗೊಳಿಸಿ, ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು 1941ರಲ್ಲಿಯೇ ಇದನ್ನು ಪ್ರಕಟಿಸಿದರು. ಆಕಳ ಹತ್ತಿರ ಕಾಗದದ ಚೀಲ ಊದಿ ಒಡೆದು ಬೆದರಿಸಿ ನೋಡಿದಾಗ ಹಾಲು ಇಳಿಯುವುದಕ್ಕೆ ತಡೆಯಾಯಿತು.

ಹೀಗೆ ಉಳಿದ ಹಾಲು ಕೆಚ್ಚಲಲ್ಲೇ ನಿಂತರೆ ಎರಡು ನಷ್ಟ. ಒಂದು, ಕೆಚ್ಚಲು ಬಾವಿನ ರೋಗಾಣುಗಳಿಗೆ ಅನುಕೂಲ. ಎರಡು, 'ಇಷ್ಟು ಹಾಲು ಬೇಕಿಲ್ಲ' ಎಂಬಂತೆ ದೇಹವೇ ಹಾಲು ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ದಿನಗಟ್ಟಲೆ ಹೀಗಾದರೆ ಆ ಸೂಲಿನಲ್ಲಿ ಹಾಲು ಪೂರ್ತಿ ಹಿಂದಿನ ಮಟ್ಟಕ್ಕೆ ಬರುವುದು ಕಷ್ಟ. ಮೇಲಿನ ಸದಸ್ಯರ ಅರ್ಧ ಲೀಟರ್ ಹೋದದ್ದು ಹೀಗೆ.

ಇನ್ನೊಂದು ಮಾತು. ಒಂದೇ ಸಮನೆ ಬರುವ ಸದ್ದಿಗೆ ಆಕಳು ಒಗ್ಗಿಕೊಳ್ಳುತ್ತದೆ. ಹಾಲು ಕರೆಯುವ ಯಂತ್ರದ ಸದ್ದಿನಲ್ಲೇ ಸಾವಿರಾರು ಆಕಳು ಹಾಲು ಕೊಡುತ್ತಿಲ್ಲವೇ? ಬೆದರಿಸುವುದು ಹೊತ್ತು ಗೊತ್ತಿಲ್ಲದೆ ಥಟ್ಟನೆ ಬರುವ ಸದ್ದು. ಕಂಪ್ರೆಸರಿನದು ಅಂಥದ್ದೇ. ಅದು ನಿಲ್ಲುವಾಗ 'ಸುಂಯ್' ಎಂದು ಗಾಳಿ ಬಿಡುವ ಸದ್ದು ಕೂಡ ಪ್ರಾಣಿಗೆ ಹೆಚ್ಚು ಚುಚ್ಚುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನದ ತನಕ ಕೇಳಿದರೆ, ಆಕಳ ಕಿವಿ ಸುಮಾರು 35 ಸಾವಿರದ ತನಕ ಕೇಳುತ್ತದೆ. ನಮಗೆ ಕೇಳದ ಕೀರಲು ಸದ್ದೂ ಅದಕ್ಕೆ ಕೇಳುತ್ತದೆ.

ಸ್ಥಳ ಆರಿಸುವ ಮುನ್ನ ನೋಡಬೇಕಾದ ಆರು ಅಂಶಗಳು

1. ದೂರ

ಸಣ್ಣ ಪಿಸ್ಟನ್ ಕಂಪ್ರೆಸರಿನ ಸದ್ದು ಮೂರು ಅಡಿ ದೂರದಲ್ಲಿ 80 ಡೆಸಿಬೆಲ್ ಇದೆ ಎಂದು ಇಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 6 ಅಡಿಗೆ 74, 12 ಅಡಿಗೆ 68, 24 ಅಡಿಗೆ 62. ಆದ್ದರಿಂದ ಗೋಡೆಯ ಬುಡದಿಂದ ಹತ್ತು ಹೆಜ್ಜೆ ಸರಿಸಿದರೂ ಲಾಭವಿದೆ. ಜಾಗ ಇದ್ದವರು ಕೊಟ್ಟಿಗೆಯಿಂದ ಕನಿಷ್ಠ 25 ಅಡಿ ಬಿಡಬೇಕು, ನಡುವೆ ಒಂದು ಗಟ್ಟಿ ಗೋಡೆ ಇರಬೇಕು. ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ತಗಡು ತಡೆಯುವುದಿಲ್ಲ, ತಾನೇ ನಗಾರಿಯಂತೆ ಬಡಿದುಕೊಳ್ಳುತ್ತದೆ.

ಸದ್ದು ತಡೆಯಲೆಂದು ಕೆಲವರು ಗೋಡೆಗೆ ಕಣಿಕೆಯ ಬಣವೆ ಒಟ್ಟುತ್ತಾರೆ. ಇದು ಬೇಡವೇ ಬೇಡ. ಕಾದ ಮೋಟಾರು, ಸ್ವಿಚ್ಚಿನ ಕಿಡಿ, ವೆಲ್ಡಿಂಗ್ ಕಿಡಿ ಮೂರೂ ಇರುವ ಕಡೆ ಒಣ ಕಣಿಕೆ ಇಡುವುದು ಬೆಂಕಿಗೆ ಆಮಂತ್ರಣ. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಕಟ್ಟಿದ ದನ ತಾನೇ ಬಿಡಿಸಿಕೊಂಡು ಓಡಲಾರದು.

2. ಯಂತ್ರ ಸೆಳೆಯುವ ಗಾಳಿ

ಕಂಪ್ರೆಸರ್ ಉಸಿರಾಡುವ ಯಂತ್ರ. ಅದಕ್ಕೆ ತಂಪಾದ, ಒಣಗಿದ, ಶುದ್ಧ ಗಾಳಿ ಬೇಕು. ಕೊಟ್ಟಿಗೆಯೊಳಗೆ ಅಥವಾ ಗಂಜಲದ ಕಾಲುವೆಯ ಹತ್ತಿರ ಇಟ್ಟರೆ ಅಮೋನಿಯಾ ಕೂಡಿದ ತೇವದ ಗಾಳಿಯನ್ನು ಎಳೆಯುತ್ತದೆ. ಅಮೋನಿಯಾ ತಾಮ್ರ, ಹಿತ್ತಾಳೆಯ ಭಾಗಗಳನ್ನು ತಿನ್ನುತ್ತದೆ. ತೇವ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ಮೇವು ಕತ್ತರಿಸುವ ಯಂತ್ರದ ಬಳಿ ಇಟ್ಟರೆ ತೊಗರಿ, ಸೋಯಾ ಹೊಟ್ಟಿನ ಧೂಳು ಫಿಲ್ಟರನ್ನು ಕಟ್ಟಿಬಿಡುತ್ತದೆ.

ಬಿಸಿ ಗಾಳಿ ಸೆಳೆದರೆ ಕರೆಂಟು ಹೆಚ್ಚು ಬೇಕು. ಪ್ರತಿ ಮೂರು ಡಿಗ್ರಿಗೆ ಹೆಚ್ಚೂಕಡಿಮೆ ನೂರಕ್ಕೆ ಒಂದು ಪಾಲು ಹೆಚ್ಚುತ್ತದೆ ಎಂಬುದು ವಾಡಿಕೆಯ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ಕಾದ ತಗಡಿನ ಶೆಡ್ಡು ಇದಕ್ಕೆ ತಕ್ಕ ಜಾಗವಲ್ಲ. ಮನೆಯ ಬಡಗಣ ಅಥವಾ ಮೂಡಣ ನೆರಳು ಉತ್ತಮ. ಯಂತ್ರದ ಸುತ್ತ ಗೋಡೆಯಿಂದ ಒಂದೂವರೆ ಅಡಿಯಾದರೂ ಬಿಡಿ. ಬೀಸಣಿಗೆಯಂತೆ ತಿರುಗುವ ದೊಡ್ಡ ಗಾಲಿಯ ಬದಿಗೆ ಗಾಳಿ ಆಡಬೇಕು. ಸದ್ದು ಬೇಡವೆಂದು ಯಂತ್ರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದು ಕಾದು ಸುಟ್ಟುಹೋಗುತ್ತದೆ.

3. ಗಾಳಿಯ ದಿಕ್ಕು ಮತ್ತು ಕಬ್ಬಿಣದ ಚೂರು

ಈ ಅಂಶವನ್ನು ಸದಸ್ಯರು ಎರಡು ಸಲ ಓದಬೇಕೆಂದು ನನ್ನ ವಿನಂತಿ.

ಕಂಪ್ರೆಸರ್ ಬಂದ ಮೇಲೆ ಅಂಗಡಿಯಲ್ಲಿ ಕಸಬರಿಗೆ ಮೂಲೆ ಸೇರುತ್ತದೆ. ಮೇಜಿನ ಮೇಲಿನ ಕಬ್ಬಿಣದ ಪುಡಿ, ತಂತಿ ತುಂಡು, ಸಣ್ಣ ಮೊಳೆ ಎಲ್ಲವನ್ನೂ ಗಾಳಿಯಿಂದಲೇ ಊದುತ್ತಾರೆ. ಅದು ಹಾರಿ ಹೋಗಿ ಬೀಳುವುದು ಎಲ್ಲಿ? ಪಕ್ಕದಲ್ಲೇ ಗೋದಲಿ ಇದ್ದರೆ ಗೋದಲಿಯಲ್ಲಿ.

ಆಕಳು, ಎಮ್ಮೆ ಮೇವನ್ನು ಆರಿಸಿ ತಿನ್ನುವ ಪ್ರಾಣಿಗಳಲ್ಲ. ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತವೆ, ಆಮೇಲೆ ಮೆಲುಕು ಹಾಕುತ್ತವೆ. ನುಂಗಿದ ತಂತಿ ಜಠರದ ಎರಡನೇ ಕೋಣೆಯಲ್ಲಿ ಹೋಗಿ ನಿಲ್ಲುತ್ತದೆ. ಆ ಕೋಣೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ, ಕೆಲವೇ ಅಂಗುಲದ ಅಂತರ. ಕೋಣೆ ಸಂಕುಚಿಸಿದಾಗ ಚೂಪಾದ ತಂತಿ ಮುಂದಕ್ಕೆ ಚುಚ್ಚಿಕೊಂಡು ಹೃದಯದ ಪೊರೆಯನ್ನೇ ತಲುಪಬಹುದು.

ಕೆಲವು ವರ್ಷದ ಹಿಂದೆ ಒಂದು ಊರಿನಲ್ಲಿ ಗಬ್ಬದ ಎಮ್ಮೆಯೊಂದು ಹೀಗೆಯೇ ಸತ್ತಿತು. ಮೊದಲು ಮೇವು ಬಿಟ್ಟಿತು, ಬೆನ್ನು ಬಾಗಿಸಿ ಮೊಣಕೈ ಅಗಲಿಸಿ ನಿಂತಿತು, ಇಳಿಜಾರಿನಲ್ಲಿ ನಡೆಯಲು ನರಳಿತು. ನಾನು ಹೋಗುವ ಹೊತ್ತಿಗೆ ಕುತ್ತಿಗೆಯ ರಕ್ತನಾಳ ಉಬ್ಬಿ, ಎದೆಯ ಕೆಳಗೆ ನೀರು ತುಂಬಿತ್ತು. ಆ ಹಂತದಲ್ಲಿ ಮಾಡುವುದು ಏನೂ ಉಳಿದಿರಲಿಲ್ಲ. ಸತ್ತ ಮೇಲೆ ಕೊಯ್ದು ನೋಡಿದಾಗ ಹೃದಯದ ಪೊರೆಯಲ್ಲಿ ಬೆರಳುದ್ದದ ತಂತಿ ಸಿಕ್ಕಿತು. ಅದು ಆ ಮನೆಯದೇ ಅಂಗಡಿಯ ತಂತಿ. ತಂತಿಯನ್ನು ಕೈಯಲ್ಲಿ ಹಿಡಿದು ನೋಡಿದ ಮನೆಯ ಯಜಮಾನರು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಆದ್ದರಿಂದ ಕಂಪ್ರೆಸರ್ ಇಡುವ ಸ್ಥಳ ಎಂದರೆ ಯಂತ್ರದ ಸ್ಥಳ ಮಾತ್ರವಲ್ಲ, ಅದರ ಗಾಳಿ ಊದುವ ಮೂತಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದೂ ಸೇರಿತು. ಬೇಸಿಗೆ ಮತ್ತು ಮುಂಗಾರಿನಲ್ಲಿ ನಮ್ಮಲ್ಲಿ ಬಲವಾದ ಗಾಳಿ ಬರುವುದು ಹೆಚ್ಚಾಗಿ ಪಡುವಣದಿಂದ. ಹಾಗಾಗಿ ಕೊಟ್ಟಿಗೆ ಪಡುವಣಕ್ಕೆ, ಅಂಗಡಿ ಮೂಡಣಕ್ಕೆ ಇದ್ದರೆ ಧೂಳು ದನದಿಂದ ದೂರ ಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ತಿರುಗುವುದರಿಂದ ದಿಕ್ಕೊಂದನ್ನೇ ನಂಬಬೇಡಿ, ನಡುವೆ ಆಳೆತ್ತರದ ಗೋಡೆ ಇರಲಿ. ಅಂಗಡಿ ಮೂಡಣಕ್ಕಿದ್ದರೆ ಕೊಟ್ಟಿಗೆಯ ವಾಸನೆ ಯಂತ್ರದ ಕಡೆಗೆ ಬರುತ್ತದೆಯಲ್ಲ ಎನ್ನಬಹುದು. ಅದಕ್ಕೆ ಗಾಳಿ ಸೆಳೆಯುವ ಬಾಯಿಯನ್ನು ಕೊಟ್ಟಿಗೆಗೆ ಬೆನ್ನು ಮಾಡಿ, ಮಳೆ ಬೀಳದಂತೆ ಟೊಪ್ಪಿಗೆ ಹಾಕಿ, ಎತ್ತರದಲ್ಲಿ ಇಡಿ. ಅಂಗಡಿಯ ನೆಲವನ್ನು ದಿನವೂ ಅಯಸ್ಕಾಂತದಿಂದ ಬಳಿದು ಚೂರು ಆರಿಸಿ ಡಬ್ಬಿಗೆ ಹಾಕಿ.

4. ವಿದ್ಯುತ್ತು

ಮೋಟಾರು ಚಾಲೂ ಆಗುವ ಕ್ಷಣದಲ್ಲಿ, ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ತಂತಿಯಲ್ಲಿ ದೂರ ಎಳೆದರೆ ವೋಲ್ಟೇಜ್ ಬಿದ್ದು ಮೋಟಾರು ಸುಡುತ್ತದೆ. ಯಂತ್ರವನ್ನು ಮೀಟರ್ ಬೋರ್ಡಿಗೆ ಹತ್ತಿರ, ಕೊಟ್ಟಿಗೆಗೆ ದೂರ ಇಡಿ. ಕರೆಂಟಿನ ತಂತಿಯನ್ನು ಉದ್ದ ಎಳೆಯುವುದಕ್ಕಿಂತ ಗಾಳಿಯ ಪೈಪನ್ನು ಉದ್ದ ಎಳೆಯುವುದು ಲೇಸು.

ಕೊಟ್ಟಿಗೆಯ ಲೈಟಿನ ತಂತಿಯಿಂದ ಕಂಪ್ರೆಸರಿಗೆ ಕವಲು ತೆಗೆಯಬಾರದು. ಪ್ರತ್ಯೇಕ ಲೈನು, ಪ್ರತ್ಯೇಕ ಅರ್ಥಿಂಗ್, 30 ಮಿಲಿ ಆಂಪಿಯರ್‌ನ ಸೋರಿಕೆ ತಡೆ ಸ್ವಿಚ್ ಹಾಕಿಸಿ. ಆಕಳು ಬರಿಗಾಲಲ್ಲಿ, ಗಂಜಲದಿಂದ ಒದ್ದೆಯಾದ ನೆಲದಲ್ಲಿ, ಕಬ್ಬಿಣದ ಸರಪಳಿಗೆ ಕಟ್ಟಿಸಿಕೊಂಡು ನಿಂತಿರುತ್ತದೆ. ಚಪ್ಪಲಿ ಹಾಕಿದ ಮನುಷ್ಯನಿಗೆ ಗೊತ್ತೇ ಆಗದಷ್ಟು ಸೋರಿಕೆಯೂ ಅದಕ್ಕೆ ತಾಗುತ್ತದೆ. ನೀರಿನ ತೊಟ್ಟಿಗೆ ಬಾಯಿ ಹಾಕಲು ಆಕಳು ಹೆದರಿದರೆ, ಹಾಲು ಕರೆಯುವಾಗ ಕಾರಣವಿಲ್ಲದೆ ಕುಣಿದರೆ, ಮೊದಲು ವಿದ್ಯುತ್ ಕೆಲಸದವರಿಂದ ಪರೀಕ್ಷೆ ಮಾಡಿಸಿ, ಆಮೇಲೆ ನನ್ನನ್ನು ಕರೆಯಿರಿ.

5. ನೆಲ, ನೀರು ಮತ್ತು ಎಣ್ಣೆ

ಯಂತ್ರ ಸಮತಟ್ಟಾದ ಕಾಂಕ್ರೀಟ್ ಕಟ್ಟೆಯ ಮೇಲೆ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ರಬ್ಬರ್ ಪಟ್ಟಿಯ ಮೇಲೆ ಕೂಡಬೇಕು. ರಬ್ಬರ್ ಇಲ್ಲದಿದ್ದರೆ ನಡುಕ ನೆಲದ ಮೂಲಕ ಗೋಡೆಗೆ ಹೋಗುತ್ತದೆ. ಟ್ಯಾಂಕಿನ ಅಡಿಯ ನಲ್ಲಿಗೆ ಕೈ ಹೋಗುವಷ್ಟು ಜಾಗ ಇರಬೇಕು. ಗಾಳಿಯನ್ನು ಒತ್ತಿದಾಗ ಅದರ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ದಿನವೂ ಈ ನೀರು ಬಿಡಬೇಕು. ಮಳೆಗಾಲದಲ್ಲಿ ಎರಡು ಸಲ. ಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ತಿಂದು ಒಂದು ದಿನ ಬಾಂಬಿನಂತೆ ಸಿಡಿಯಬಹುದು. ಕೈ ತಲುಪದ ಮೂಲೆಯಲ್ಲಿ ಯಂತ್ರ ಇಟ್ಟವರು ನೀರು ಬಿಡುವುದನ್ನು ಮರೆಯುತ್ತಾರೆ, ಇದು ಅನುಭವದ ಮಾತು.

ಆ ನೀರಿನಲ್ಲಿ ಎಣ್ಣೆ ಇರುತ್ತದೆ. ಅದನ್ನು ದನ ಕುಡಿಯುವ ಕಡೆ, ಮೇವು ಬೆಳೆಯುವ ಕಡೆ ಬಿಡಬೇಡಿ. ನೌಬಾದಿನವರಿಗೆ ಇನ್ನೂ ಒಂದು ಜವಾಬ್ದಾರಿ ಇದೆ. ಬಹಮನಿ ಅರಸರ ಕಾಲದ, ಸುಮಾರು 15ನೇ ಶತಮಾನದ ಕರೇಜ್ ನಮ್ಮ ಕಾಲಡಿಯಲ್ಲೇ ಇದೆ. ನೆಲದೊಳಗಿನ ಸುರಂಗದಲ್ಲಿ ನೀರು ಹರಿಸಿ, ಸಾಲು ಬಾವಿಗಳಂಥ ಬಾಯಿಗಳಿಂದ ಗಾಳಿ ಬೆಳಕು ಕೊಟ್ಟ ಹಿರಿಯರ ಕೆಲಸ ಅದು. ನಮ್ಮ ಕೆಂಪು ಕಲ್ಲಿನ ನೆಲ ರಂಧ್ರಗಳಿಂದ ಕೂಡಿದ್ದು, ಮೇಲೆ ಚೆಲ್ಲಿದ ಎಣ್ಣೆ ಕೆಳಗಿನ ನೀರಿಗೆ ಇಳಿಯಲು ಹೆಚ್ಚು ಕಾಲ ಬೇಡ. ಎಣ್ಣೆ ನೀರನ್ನು ಡಬ್ಬಿಯಲ್ಲಿ ಹಿಡಿದು, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ಹಳೆಯ ಇಂಜಿನ್ ಎಣ್ಣೆಯನ್ನು ಉಣ್ಣೆ, ಗಾಯಕ್ಕೆಂದು ದನದ ಮೈಗೆ ಹಚ್ಚುವ ರೂಢಿಯನ್ನೂ ಬಿಡಬೇಕು. ಅದರಲ್ಲಿ ಸೀಸ ಮುಂತಾದ ವಿಷಗಳಿರಬಹುದು, ಪ್ರಾಣಿ ನೆಕ್ಕುತ್ತದೆ. ಒಡೆದ ಬ್ಯಾಟರಿ, ಉದುರಿದ ಹಳೆಯ ಬಣ್ಣವನ್ನೂ ಕರುಗಳು ನೆಕ್ಕುತ್ತವೆ. ಸೀಸದ ವಿಷದಿಂದ ಕರು ಕುರುಡಾಗಿ, ಹಲ್ಲು ಕಡಿದು, ಗೋಡೆಗೆ ತಲೆ ಒತ್ತಿ, ಸೆಳೆತ ಬಂದು ಸಾಯುತ್ತದೆ. ಬಣ್ಣ ಸಿಂಪಡಿಸುವ ಕೆಲಸವಿದ್ದರೆ ಮೇವು ಮತ್ತು ಹಾಲಿನ ಕ್ಯಾನಿನ ಹತ್ತಿರ ಅದನ್ನು ಮಾಡಲೇಬಾರದು.

6. ಮಕ್ಕಳು ಮತ್ತು ಹೆಣ್ಣುಮಕ್ಕಳು

ಯಂತ್ರ ತಾನಾಗಿ ಚಾಲೂ ಆಗುವುದರಿಂದ ಓಡಾಡುವ ದಾರಿಯಲ್ಲಿ ಇಡಬಾರದು. ಸೆಗಣಿ ಬುಟ್ಟಿ ಹೊತ್ತು ಹೋಗುವ ತಾಯಂದಿರ ಸೆರಗು ಬೆಲ್ಟಿಗೆ ಸಿಕ್ಕಿದರೆ ಅನಾಹುತ. ಬೆಲ್ಟಿನ ಜಾಲರಿ ಸದಾ ಇರಲಿ. ಗಾಳಿಯ ಮೂತಿಯನ್ನು ತಮಾಷೆಗೂ ಮನುಷ್ಯರ, ದನದ ಮೈಗೆ ಹಿಡಿಯಬಾರದು. ಇದರಿಂದ ಪ್ರಾಣ ಹೋದದ್ದುಂಟು.

ಗಾಳಿಯ ಪೈಪು

ಯಂತ್ರ ದೂರವಿಟ್ಟರೆ ಗಾಳಿಯನ್ನು ಪೈಪಿನಲ್ಲಿ ತರಬೇಕು. ನೀರಿನ ಪಿ.ವಿ.ಸಿ. ಪೈಪನ್ನು ಇದಕ್ಕೆ ಬಳಸಬಾರದು. ಒತ್ತಡಕ್ಕೆ ಒಡೆದರೆ ಗಾಜಿನಂತೆ ಚೂರಾಗಿ ಹಾರುತ್ತದೆ. ಜಿ.ಐ. ಪೈಪು ಅಥವಾ ಗಾಳಿಗಾಗಿಯೇ ಮಾಡಿದ ರಬ್ಬರ್ ಪೈಪು ಬಳಸಿ. ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು, ಕೊನೆಯಲ್ಲಿ ನೀರು ಬಿಡುವ ನಲ್ಲಿ ಇಡಿ. ಕವಲು ಪೈಪನ್ನು ಮುಖ್ಯ ಪೈಪಿನ ಮೇಲ್ಬದಿಯಿಂದ ತೆಗೆದರೆ ನೀರು ಉಪಕರಣಕ್ಕೆ ಬರುವುದಿಲ್ಲ. ತಿಂಗಳಿಗೊಮ್ಮೆ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಒಂದು ಸಣ್ಣ ಸೋರಿಕೆ ಎಷ್ಟು ಹಾಲು ತಿಂದಿತು ಎಂದು ಮೇಲೆ ಓದಿದ್ದೀರಿ.

ಹಾಲು ಕರೆಯುವ ಯಂತ್ರದ ಪಂಪು

ಕೆಲವರು ಕೇಳುತ್ತಾರೆ, "ಕಂಪ್ರೆಸರ್ ಇದ್ದೇ ಇದೆ, ಅದರಿಂದಲೇ ಹಾಲು ಕರೆಯಬಹುದೇ?" ಎಂದು. ಆಗದು. ಕಂಪ್ರೆಸರ್ ಗಾಳಿಯನ್ನು ಒತ್ತುತ್ತದೆ, ಹಾಲಿನ ಯಂತ್ರದ ಪಂಪು ಗಾಳಿಯನ್ನು ಹೊರಗೆಳೆದು ನಿರ್ವಾತ ಮಾಡುತ್ತದೆ. ಸಾಮಾನ್ಯವಾಗಿ 40ರಿಂದ 50 ಕಿಲೋ ಪ್ಯಾಸ್ಕಲ್ ನಿರ್ವಾತ ಬೇಕು, ಅದು ಏರಿಳಿಯಬಾರದು. ಏರಿಳಿದರೆ ಮೊಲೆಗೆ ಪೆಟ್ಟು, ಕೆಚ್ಚಲು ಬಾವು. ಈ ಪಂಪನ್ನು ಬಹಳ ದೂರ ಇಡುವಂತಿಲ್ಲ. ಕೊಟ್ಟಿಗೆಯ ಗೋಡೆಯ ಹೊರಬದಿಯಲ್ಲಿ, ನೆರಳಿನಲ್ಲಿ ಇಟ್ಟು, ಎಣ್ಣೆ ಹೊಗೆ ಬಿಡುವ ಪೈಪನ್ನು ಮೇವು, ಹಾಲು ಇಲ್ಲದ ಕಡೆಗೆ ತಿರುಗಿಸಿ. ಮೊದಲ ವಾರ ಪಂಪನ್ನು ಹಾಲು ಕರೆಯುವ ಮೊದಲೇ ಚಾಲೂ ಮಾಡಿ ದನಕ್ಕೆ ಸದ್ದು ರೂಢಿ ಮಾಡಿಸಿ.

ಜಾಗ ಇಲ್ಲದವರು ಏನು ಮಾಡಬೇಕು?

30 ಅಡಿಗೆ 40 ಅಡಿ ನಿವೇಶನದಲ್ಲಿ ಮನೆ, ಅಂಗಡಿ, ಕೊಟ್ಟಿಗೆ ಮೂರೂ ಇದ್ದರೆ ಮೇಲಿನದೆಲ್ಲ ಸಾಧ್ಯವಾಗದು. ಆಗ ಯಂತ್ರ ಮುಂದಿನ ಮೂಲೆಗೆ, ಕೊಟ್ಟಿಗೆ ಹಿಂದಿನ ಮೂಲೆಗೆ, ನಡುವೆ ಮನೆಯೇ ಗೋಡೆಯಾಗಿ ಇರಲಿ. ಆದರೆ ಯಂತ್ರವನ್ನು ನೆರೆಯವರ ಮಲಗುವ ಕೋಣೆಗೆ ಒತ್ತಿ ಇಡಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಮುಂಜಾನೆ 6ರ ತನಕ 45 ಡೆಸಿಬೆಲ್ ಮಿತಿ ಇದೆ.

ಇದೂ ಆಗದಿದ್ದರೆ ಸಮಯವನ್ನು ಪಾಲು ಮಾಡಿ. ಹಾಲು ಕರೆಯುವ ಅರ್ಧ ತಾಸು ಮೊದಲು ಮೇನ್ ಸ್ವಿಚ್ ತೆಗೆಯಿರಿ, ಕರೆದು ಮುಗಿದ ಮೇಲೆಯೇ ಹಾಕಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನೆನಪಿನ ಪಟ್ಟಿ

• ಕೊಟ್ಟಿಗೆಯಿಂದ 25 ಅಡಿ, ನಡುವೆ ಗಟ್ಟಿ ಗೋಡೆ.
• ನೆರಳು, ಗಾಳಿ, ಒಣ ನೆಲ. ಯಂತ್ರದ ಸುತ್ತ ಒಂದೂವರೆ ಅಡಿ ಬಿಡುವು.
• ಕಣಿಕೆ, ಹೊಟ್ಟು, ಗೋದಲಿ ದೂರ. ಕಬ್ಬಿಣದ ಚೂರು ಡಬ್ಬಿಯಲ್ಲಿ.
• ಪ್ರತ್ಯೇಕ ಲೈನು, ಅರ್ಥಿಂಗ್, ಸೋರಿಕೆ ತಡೆ ಸ್ವಿಚ್.
• ದಿನವೂ ಟ್ಯಾಂಕಿನ ನೀರು ಬಿಡುವುದು. ಸೇಫ್ಟಿ ವಾಲ್ವ್ ಕೆಲಸ ಮಾಡುತ್ತದೆಯೇ ನೋಡುವುದು.
• ಹಾಲು ಕರೆಯುವಾಗ ಮೇನ್ ಸ್ವಿಚ್ ಬಂದ್.

ಯಂತ್ರ ಈಗಾಗಲೇ ಕೂಡಿಸಿದವರು ಒಂದು ಕೆಲಸ ಮಾಡಿ. ಒಂದು ವಾರ ಹಾಲು ಕರೆಯುವ ಹೊತ್ತಿನಲ್ಲಿ ಯಂತ್ರ ಪೂರ್ತಿ ನಿಲ್ಲಿಸಿ, ಸಂಘದಲ್ಲಿ ಹಾಲು ಹಾಕಿದ ಚೀಟಿಗಳನ್ನು ಹಿಂದಿನ ವಾರದ ಚೀಟಿಗಳೊಂದಿಗೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಯಂತ್ರದ ಜಾಗ ಬದಲಿಸಿ. ಕಾಣದಿದ್ದರೂ ಗೋದಲಿಯೊಳಗೆ ಒಮ್ಮೆ ಕೈಯಾಡಿಸಿ, ತಂತಿ ಮೊಳೆ ಇದೆಯೇ ನೋಡಿ. ಸಂಶಯ ಬಂದರೆ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ತಿಳಿಸಿ, ಬಂದು ನೋಡುತ್ತೇನೆ.